ನಾಯಿಗೆ ನೀರೇ ಊರುಗೋಲು

ನಂದಿಬೆಟ್ಟದ ಸುತ್ತಿನಲ್ಲಿ ಐದು ನದಿಗಳು ಹುಟ್ಟುತ್ತವೆಂದು ಚಿಕ್ಕಬಳ್ಳಾಪುರದ ಮಕ್ಕಳು ಬಾಯಿಪಾಠ ಮಾಡುತ್ತಾರೆ. ಬೇಸಿಗೆಯಲ್ಲಿ ಅವುಗಳಲ್ಲಿ ಕಾಲು ನೆನೆಯುವಷ್ಟು ನೀರು ಕಾಣುವುದೇ ಅಪರೂಪ. ಇಂತಹ ನಾಡಿನಲ್ಲಿ ನಾಯಿಗೆ ಜಲಚಿಕಿತ್ಸೆಯೆಂದರೆ ಹುಬ್ಬೇರಿಸುವವರು ಇದ್ದೇ ಇರುತ್ತಾರೆ. ಆದರೆ ಬೆಳಗಾಗುವುದರೊಳಗೆ ಹಿಂಗಾಲುಗಳ ಸ್ವಾಧೀನ ತಪ್ಪಿ, ಅಂಗಳದಲ್ಲಿ ಮೈಯೆಳೆದುಕೊಂಡು ಬರುವ ನಾಯಿಯನ್ನು ಕಂಡ ಮನೆಯವರು ಹಾಗೆ ನಗಲಾರರು. ಸೂಜಿ ಚುಚ್ಚಿಸಿ ಮುಗಿಸಿಬಿಡಿರೆಂಬ ಸಲಹೆ ನೆರೆಮನೆಯಿಂದ ಬರಲು ಹೆಚ್ಚು ದಿನ ಬೇಕಾಗದು.

ಉದ್ದ ಬೆನ್ನಿನ, ಗಿಡ್ಡ ಕಾಲಿನ ಡಾಕ್ಸ್‌ಹುಂಡ್ ತಳಿಯಲ್ಲಿ ಬೆನ್ನುಮೂಳೆಗಳ ನಡುವಣ ಮೆತ್ತೆ ಜರುಗಿ ನರಹುರಿಯನ್ನು ಒತ್ತುವುದು ಹೆಚ್ಚು. ಲ್ಯಾಬ್ರಡಾರ್ ನಾಯಿಗೆ ಸೊಂಟದ ಕೀಲಿನ ಬಾಧೆ. ಭಾರವೂರದ ಕಾಲಿನ ಮಾಂಸಖಂಡ ಕೆಲವೇ ವಾರಗಳಲ್ಲಿ ಸೊರಗುತ್ತದೆ. ಸೊರಗಿದ ಕಾಲು ಭಾರವೂರಲಾರದು. ಈ ವಿಷವರ್ತುಲವನ್ನು ಕಡಿಯಬಲ್ಲದ್ದು ನೀರು. ಹಿಂಗಾಲಿನ ಮಂಡಿಯವರೆಗಿನ ನೀರಿನಲ್ಲಿ ನಾಯಿ ತನ್ನ ತೂಕದ ನೂರಕ್ಕೆ 85ರಷ್ಟನ್ನು ಹೊರುತ್ತದೆ. ಸೊಂಟದ ಕೀಲಿನವರೆಗೆ ನೀರೇರಿದರೆ ಹೊರಬೇಕಾದುದು 38ರಷ್ಟು ಮಾತ್ರ. 20 ಕಿಲೋ ತೂಕದ ನಾಯಿ ಕಾಲುಗಳ ಪಾಲಿಗೆ ಏಳೆಂಟು ಕಿಲೋ ಆಯಿತು!

ಗಾಜಿನ ತೊಟ್ಟಿ, ತಳದಲ್ಲಿ ಮೆಲ್ಲಗೆ ಸರಿಯುವ ಪಟ್ಟೆ. ನಾಯಿಯನ್ನು ನಿಲ್ಲಿಸಿ, ಬಾಗಿಲಿಕ್ಕಿ, ಸುಮಾರು 30 ಡಿಗ್ರಿಯ ಬೆಚ್ಚನೆಯ ನೀರು ತುಂಬುತ್ತಾರೆ. ಪಟ್ಟೆ ಸರಿದಂತೆ ಹೆಜ್ಜೆ ಹಾಕಲೇಬೇಕು. ಮೊದಲ ದಿನ ಎರಡು ಮೂರು ನಿಮಿಷಗಳಿಗೇ ಆಯಾಸ. ಚಿಕಿತ್ಸಕರು ತಾವೇ ನೀರಿಗಿಳಿದು ಮಡಚಿದ ಪಾದವನ್ನು ಬಿಡಿಸಿ ಊರಿಸುವುದೂ ಉಂಟು. ಬೆಕ್ಕಿನದು ಬೇರೆಯ ಕಥೆ. ಮೊದಲು ಬರಿದಾದ ತೊಟ್ಟಿಯಲ್ಲಿ ಓಡಾಡಿಸಿ, ಬಳಿಕ ಬೆರಳೆತ್ತರದಿಂದ ನೀರೇರಿಸಿದರೆ ಕೆಲವು ಒಪ್ಪುತ್ತವೆ. ಒಪ್ಪದುದನ್ನು ಬಲವಂತವಾಗಿ ಅದ್ದುವುದು ಚಿಕಿತ್ಸೆಯಲ್ಲ, ಹಿಂಸೆ.

ಇಂತಹ ತೊಟ್ಟಿಗಳಿರುವುದು ಬೆಂಗಳೂರಿನ ಕೆಲವು ಖಾಸಗಿ ಚಿಕಿತ್ಸಾಲಯಗಳಲ್ಲಿ. ಚಿಂತಾಮಣಿ, ಗೌರಿಬಿದನೂರುಗಳಿಂದ ವಾರವಾರವೂ ಹೋಗಿಬರುವುದು ಸಾಮಾನ್ಯ ಕುಟುಂಬಕ್ಕೆ ಸುಲಭವಲ್ಲ. ಎತ್ತಿನ ಮೈತೊಳೆಯುವ ಊರ ಕೆರೆಯೇ ಸಾಲದೆ? ಸಾಲದು. ತಣ್ಣೀರಿಗೆ ನೋವಿನ ಕೀಲು ಬಿಗಿಯುತ್ತದೆ. ಕೆಸರಿನಲ್ಲಿ ಕಾಲು ಜಾರುತ್ತದೆ. ಮೇಲಾಗಿ ಜಿಲ್ಲೆಯ ಹಲವು ಕೆರೆಗಳನ್ನು ತುಂಬಿರುವುದು ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ಸಂಸ್ಕರಿಸಿದ ಕೊಳಚೆ ನೀರು. ಅಂತರ್ಜಲ ಹೆಚ್ಚಲೆಂದು ತಂದ ಆ ನೀರು, ಹೊಲಿಗೆ ಮಾಯದ ಗಾಯಕ್ಕೆ ತಕ್ಕುದಲ್ಲ. ವೈದ್ಯರು ಒಪ್ಪಿದರೆ ಮನೆಯಲ್ಲಿಯೇ ಅಗಲವಾದ ತೊಟ್ಟಿ, ತಳಕ್ಕೆ ಜಾರದ ರಬ್ಬರ್ ಹಾಸು, ಉಗುರುಬೆಚ್ಚಗಿನ ನೀರು, ಹೊಟ್ಟೆಯಡಿ ಆಧಾರಕ್ಕೊಂದು ಟವೆಲು ಸಾಕು; ಸಣ್ಣ ನಾಯಿಗೆ ಇದೂ ಉಪಕಾರವೇ. ಜ್ವರ, ಭೇದಿ, ಹೃದಯದ ತೊಂದರೆಯಿದ್ದರೆ ಇದೂ ಕೂಡದು.

ನೀರು ಎಲ್ಲವನ್ನೂ ಮಾಡಲಾರದು. ವೈದ್ಯರು ಪಾದದ ಬೆರಳನ್ನು ಬಲವಾಗಿ ಒತ್ತಿದಾಗಲೂ ನಾಯಿ ತಿರುಗಿ ನೋಡದಿದ್ದರೆ, ಅಲ್ಲಿಂದ ಮುಂದೆ ಗಂಟೆಗಳ ಲೆಕ್ಕ. ಮೊದಲು ಶಸ್ತ್ರಚಿಕಿತ್ಸೆಯ ವಿಚಾರ, ತೊಟ್ಟಿಯ ಮಾತು ಆಮೇಲೆ. 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿಯೇ ಇದೆ.