ಬ್ಯಾಕ್ಟೀರಿಯಾದ ಜೀನ್‌ಗೂ ಬೇಕು 'ಸನದ್': ಕಂಪ್ಯೂಟರ್ ಇಟ್ಟ ತಪ್ಪು ಹೆಸರನ್ನು ಲ್ಯಾಬ್ ತಿದ್ದುವುದು ಹೇಗೆ?

ಕಾಸರಗೋಡಿನ ಸಿಪಿಸಿಆರ್‌ಐ ತೆಂಗಿಗಾಗಿ 'ಕೇರ ಪ್ರೊಬಯೋ' ಎಂಬ ಪುಡಿಯನ್ನು ಅಭಿವೃದ್ಧಿಪಡಿಸಿದೆ. ಅದರಲ್ಲಿ ಇರುವುದು ರಾಸಾಯನಿಕ ಗೊಬ್ಬರವಲ್ಲ. ಗಿಡದ ಬೆಳವಣಿಗೆಗೆ ನೆರವಾಗುವ ಬ್ಯಾಸಿಲಸ್ ಮೆಗಟೇರಿಯಂ ಎಂಬ ಜೀವಂತ ಬ್ಯಾಕ್ಟೀರಿಯಾ. ಇಂತಹ ಬ್ಯಾಕ್ಟೀರಿಯಾದೊಳಗೆ ದುಡಿಯುವುದು ಕಿಣ್ವಗಳು, ಅಂದ್ರೆ ಎಂಜೈಮ್‌ಗಳು. ಯಾವ ಕಿಣ್ವವನ್ನು ಹೇಗೆ ತಯಾರಿಸಬೇಕು ಎಂಬ ಸೂಚನೆ ಜೀನ್‌ಗಳಲ್ಲಿರುತ್ತದೆ.

ಬ್ಯಾಕ್ಟೀರಿಯಾವೊಂದರ ಪೂರ್ತಿ ಜೀನೋಮನ್ನು ಮೊದಲ ಬಾರಿಗೆ ಓದಿದ್ದು 1995ರಲ್ಲಿ. ಈಗ ಓದುವುದು ಸುಲಭ. ಆದರೆ ಸಾವಿರಾರು ಜೀನ್‌ಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಸುಲಭವಲ್ಲ. ಹಾಗಾಗಿ ಕಂಪ್ಯೂಟರ್ ಹೋಲಿಕೆ ನೋಡುತ್ತದೆ. ಹೊಸ ಜೀನ್ ಹಳೆಯದೊಂದನ್ನು ಹೋಲಿದರೆ, ಅದರ ಹೆಸರು ಮತ್ತು ಕೆಲಸವನ್ನೇ ಇದಕ್ಕೂ ಬರೆದುಬಿಡುತ್ತದೆ.

ತೊಂದರೆ ಇರುವುದು ಇಲ್ಲೇ. ಅಣ್ಣ ತಮ್ಮಂದಿರ ಮುಖ ಒಂದೇ ತರ ಇದ್ದರೂ ಒಬ್ಬ ಮೀನು ವ್ಯಾಪಾರಿ, ಇನ್ನೊಬ್ಬ ಮೇಷ್ಟ್ರು ಆಗಿರಬಹುದಲ್ಲ? ಒಮ್ಮೆ ತಪ್ಪಾದರೆ ಅದೇ ಹೆಸರು ನಕಲಾಗುತ್ತಾ ಹೋಗುತ್ತದೆ. ಮದ್ರಸದಲ್ಲಿ ಕಲಿತವರಿಗೆ ಸನದ್ ಗೊತ್ತು: ಹದೀಸ್ ಯಾರಿಂದ ಯಾರಿಗೆ ಬಂತು ಎಂಬ ಸರಪಳಿ. ಆ ಸರಪಳಿ ಮೂಲದವರೆಗೆ ಮುಟ್ಟಬೇಕು. ಎಷ್ಟೋ ಜೀನ್‌ಗಳ ಹೆಸರಿನ ಸರಪಳಿಯನ್ನು ಹಿಂದಕ್ಕೆ ಹಿಡಿದು ಹೋದರೆ ಅಲ್ಲಿ ಪ್ರಯೋಗವೇ ಸಿಗುವುದಿಲ್ಲ.

2021ರಲ್ಲಿ ಸ್ವೀಡನ್‌ನ ಸಂಶೋಧಕರು ಒಂದೇ ವರ್ಗದ ಕಿಣ್ವಗಳೆಂದು ದಾಖಲಾಗಿದ್ದ 122 ಪ್ರೋಟೀನ್‌ಗಳನ್ನು ಆಯ್ದು ಪರೀಕ್ಷೆಗಿಟ್ಟರು. ಆ ವರ್ಗದ ಕನಿಷ್ಠ ಶೇ. 78ರಷ್ಟು ದಾಖಲೆಗಳು ತಪ್ಪು ಎಂಬ ತೀರ್ಮಾನಕ್ಕೆ ಬಂದರು.

ಪರೀಕ್ಷೆಗೆ ಎರಡು ಮುಖ್ಯ ದಾರಿಗಳಿವೆ. ಮೊದಲನೆಯದು, ಆ ಜೀನನ್ನು ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಸೇರಿಸಿ ಕಿಣ್ವ ತಯಾರಿಸಿಕೊಂಡು, ಶುದ್ಧೀಕರಿಸಿ, ಹೇಳಿದ ಕೆಲಸವನ್ನು ಅದು ಮಾಡುತ್ತದಾ ಎಂದು ಅಳೆಯುವುದು. ಎರಡನೆಯದು, ಬ್ಯಾಕ್ಟೀರಿಯಾದಿಂದ ಆ ಜೀನನ್ನೇ ತೆಗೆದು ಏನಾಗುತ್ತದೆ ಎಂದು ನೋಡುವುದು.

ಎರಡೂ ಯಾಕೆ ಬೇಕು? ಇ. ಕೋಲಿಯ 'ವೈಸಿಐಒ' ಎಂಬ ಜೀನ್ ಇದಕ್ಕೆ ಉದಾಹರಣೆ. ಅದು 'ಟಿಎಸ್‌ಎಸಿ' ಎಂಬ ಇನ್ನೊಂದು ಜೀನ್‌ನ ಕೆಲಸವನ್ನೇ ಮಾಡುತ್ತದೆ ಎಂದು 2023ರಲ್ಲಿ ಕೃತಕ ಬುದ್ಧಿಮತ್ತೆಯ ಒಂದು ಮಾದರಿ ಹೇಳಿತು. ಪ್ರನಾಳದಲ್ಲಿ ಆ ಕೆಲಸ ಸ್ವಲ್ಪ ಕಂಡಿತು ಕೂಡ. ಆದರೆ ಅದರ ವೇಗ ಸಾವಿರಾರು ಪಟ್ಟು ಕಡಿಮೆ ಎಂದು ಅಮೆರಿಕದ ವಿಜ್ಞಾನಿ ವಾಲೆರಿ ಡಿ ಕ್ರೆಸಿ-ಲಗಾರ್ ತೋರಿಸಿಕೊಟ್ಟರು. ಇನ್ನೂ ದೊಡ್ಡ ಸಾಕ್ಷಿ ಮೊದಲೇ ಇತ್ತು: ಟಿಎಸ್‌ಎಸಿ ಇಲ್ಲದೆ ಇ. ಕೋಲಿ ಬದುಕುವುದಿಲ್ಲ. ವೈಸಿಐಒ ಅದೇ ಕೆಲಸ ಮಾಡುವುದಾಗಿದ್ದರೆ ಅದು ಯಾಕೆ ಸಾಯಬೇಕು?

ಇದು ಬರೀ ಹೆಸರಿನ ಪ್ರಶ್ನೆಯಲ್ಲ. ಕಿಣ್ವವನ್ನೇ ಗುರಿಯಾಗಿಸಿ ಔಷಧಿ ಹುಡುಕುವವರು ತಪ್ಪು ದಾಖಲೆ ನಂಬಿದರೆ ವರ್ಷಗಳ ಶ್ರಮ ವ್ಯರ್ಥ. ತಪ್ಪು ದಾಖಲೆಗಳಿಂದಲೇ ಕಲಿತ ಎಐ ಅದೇ ತಪ್ಪನ್ನು ಇನ್ನಷ್ಟು ಧೈರ್ಯದಿಂದ ಹೇಳುತ್ತದೆ.

ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯದಲ್ಲಿ ಜೀನೋಮ್ ವಿಜ್ಞಾನದ ವಿಭಾಗವೇ ಇದೆ. ಈ ದಾರಿ ಹಿಡಿಯುವ ನಮ್ಮ ಮಕ್ಕಳು ಒಂದು ಅಭ್ಯಾಸ ಬೆಳೆಸಿಕೊಂಡರೆ ಒಳ್ಳೆಯದು. ತಜ್ಞರು ಪರಿಶೀಲಿಸಿದ ಸ್ವಿಸ್-ಪ್ರಾಟ್‌ನಂತಹ ದತ್ತಸಂಚಯ ಎಲ್ಲರಿಗೂ ಉಚಿತ. ಜೀನ್‌ನ ಹೆಸರು ಕಂಡ ಕೂಡಲೇ ನಂಬದೆ, ಅದಕ್ಕೆ ಆಧಾರ ಪ್ರಯೋಗವೋ ಅಥವಾ ಬರೀ ಹೋಲಿಕೆಯೋ ಎಂದು ಅಲ್ಲಿ ನೋಡಬೇಕು. ಸುದ್ದಿ ಬಂದಾಗ ಪರಿಶೀಲಿಸಿ ಎಂಬ ಪಾಠ ನಮಗೆ ಹೊಸದೇನಲ್ಲ.