ಒಂಬತ್ತು ಚಿಂದಿ, ಒಂದು ಚೌಕ: ಕೌದಿ ಹೊಲಿಯೋಣ ಬನ್ನಿ



ಟೇಲರ್ ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ಚಿಂದಿಯನ್ನು ನೀವೆಲ್ಲ ನೋಡಿದ್ದೀರಿ. ಕುಪ್ಪಸ ಹೊಲಿದು ಉಳಿದದ್ದು, ಲಂಗದ ಅಂಚು, ಯೂನಿಫಾರ್ಮಿನ ತುಂಡು. ಸಂಜೆ ಕಸ ಹೊಡೆದು ಹೊರಗೆ ಹಾಕಿಬಿಡ್ತಾರೆ. ಆ ಚಿಂದಿಯಿಂದಲೇ ಒಂದು ಕೌದಿ ಆಗುತ್ತದೆ. ಹೇಗೆ ಅನ್ನುವುದನ್ನು ಈ ಸಲ ಬರೆದಿದ್ದೇವೆ. ಇದು ಸುಮ್ಮನೆ ಓದಿ ಹೋಗಲಿಕ್ಕೆ ಅಲ್ಲ. ನಮ್ಮ ಶಾಲೆಯ ಪಕ್ಕದ ಅಂಗನವಾಡಿ ಮಕ್ಕಳು ಊಟ ಆದಮೇಲೆ ಚಾಪೆಯ ಮೇಲೆ ಮಲಗುತ್ತಾರೆ. ಥಂಡಿ ದಿನಗಳಲ್ಲಿ ಮೊಣಕಾಲು ಎದೆಗೆ ಹಚ್ಚಿ ಮುದುಡಿಕೊಂಡಿರುತ್ತಾರೆ. ಥಂಡಿ ಜೋರಾಗುವುದರೊಳಗೆ ಅವರಿಗೆ ಒಂದಾದರೂ ಕೌದಿ ಮುಟ್ಟಿಸಬೇಕು ಅಂತ ನಮ್ಮ ತರಗತಿಯಲ್ಲಿ ಮಾತಾಗಿದೆ.

ಕೌದಿ ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇಲ್ಲ. ಹಳೆ ಸೀರೆ, ಧೋತರ ಪದರ ಪದರ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡು ಇಟ್ಟು, ಒಂದು ಬೆರಳು ಅಂತರ ಬಿಟ್ಟು ಸಾಲು ಸಾಲಾಗಿ ಹೊಲಿಗೆ ಹಾಕುತ್ತಾರೆ. ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಗಾಳಿ ಬಿಸಿಯನ್ನು ಬೇಗ ಹೊರಗೆ ಬಿಡುವುದಿಲ್ಲ, ಅದಕ್ಕೇ ಕೌದಿ ಬೆಚ್ಚಗಿರುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಇದನ್ನೇ ಬೇರೆ ರೀತಿ ಹೊಲಿಯುತ್ತಾರೆ. ಅದಕ್ಕೆ ಕವಂದಿ ಅಂತ ಹೆಸರು. ಅವರು ಅಂಚಿನಿಂದ ಶುರು ಮಾಡಿ, ಸುತ್ತು ಹಾಕುತ್ತಾ ಹಾಕುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ತ್ರಿಕೋನ ಇಡುತ್ತಾರೆ. ಅದಕ್ಕೆ ಫುಲಾ, ಅಂದರೆ ಹೂವು, ಅನ್ನುತ್ತಾರೆ. ಎಷ್ಟು ಚೆಂದ ಹೆಸರು ನೋಡಿ!

ಈ ಎರಡೂ ಕೆಲಸದಲ್ಲಿ ಇಡೀ ಹಾಸು ಮೊದಲಿನಿಂದಲೇ ತೊಡೆಯ ಮೇಲೆ ಇರಬೇಕು. ನಾವು ಹನ್ನೆರಡು ಜನ ಹನ್ನೆರಡು ಮನೆಯಲ್ಲಿ ಕೂತು ಹೊಲಿಯುವವರು. ಅದಕ್ಕೆ ಚೌಕದ ಪದ್ಧತಿ ಸರಿ. ಒಬ್ಬೊಬ್ಬರು ಒಂದೊಂದು ಚೌಕ ಹೊಲಿದು ತರುವುದು, ಆಮೇಲೆ ಎಲ್ಲ ಕೂಡಿಸುವುದು. ಒಂಬತ್ತು ತುಂಡಿನ ಈ ಚೌಕಕ್ಕೆ ಅಮೆರಿಕದಲ್ಲಿ ನೈನ್ ಪ್ಯಾಚ್ ಅಂತಾರೆ. ಚೌಕ ಪಾಟೀಚೀಲದಲ್ಲಿ ಹಿಡಿಸುತ್ತದೆ, ಬಿಡುವಿನ ಹೊತ್ತಿನಲ್ಲೂ ಹೊಲಿಯಬಹುದು. ಆದರೆ ಒಂದು ತೊಡಕಿದೆ. ಹನ್ನೆರಡು ಕೈಯಲ್ಲಿ ಹೊಲಿದ ಚೌಕಗಳು ಒಂದೇ ಅಳತೆಗೆ ಬರಬೇಕು. ಬರದಿದ್ದರೆ ಕೂಡಿಸುವಾಗ ಒಂದು ಕಡೆ ಬಿಗಿ, ಒಂದು ಕಡೆ ಜೋಲು. ಹಾಗಾಗಿ ಹೊಲಿಗೆಗಿಂತ ಅಳತೆಯ ಮಾತೇ ಇಲ್ಲಿ ಜಾಸ್ತಿ ಬರೆದಿದ್ದೇವೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಬಟ್ಟೆ ಆರಿಸುವುದು. ಹತ್ತಿ ಬಟ್ಟೆಯೇ ಇರಲಿ. ಟೆರಿಕಾಟ್ ತುಂಡು ಹೊಳೆಯುತ್ತದೆ, ಆದರೆ ಹೊಲಿಯುವಾಗ ಜಾರುತ್ತದೆ. ಹೊಸ ಬಟ್ಟೆ ಇದ್ದರೆ ಒಗೆದು ಒಣಗಿಸಿಯೇ ಕತ್ತರಿಸಬೇಕು. ಇಲ್ಲದಿದ್ದರೆ ಕೌದಿ ಮೊದಲನೇ ಸಲ ಒಗೆದಾಗ ಹೊಸ ತುಂಡು ಕುಗ್ಗಿ, ಪಕ್ಕದ ಹಳೆ ತುಂಡನ್ನು ಎಳೆದು ಹರಿಯುತ್ತದೆ. ಕೆಂಪು, ಕಡುನೀಲಿ ತುಂಡಿನ ಮೂಲೆ ಒದ್ದೆ ಮಾಡಿ ಬಿಳಿ ಅರಿವೆಗೆ ಒತ್ತಿ ನೋಡಿ. ಬಣ್ಣ ಹತ್ತಿದರೆ ಅದು ಬೇಡ. ಎಷ್ಟು ಚೆಂದ ಇದ್ದರೂ ಬೇಡ.

ಇನ್ನು ಅಳತೆ. ಹಳೆ ನೋಟುಬುಕ್ಕಿನ ರಟ್ಟಿನಲ್ಲಿ ಎರಡು ಚೌಕ ಮಾಡಬೇಕು. ಒಂದು ನಾಲ್ಕೂವರೆ ಇಂಚಿನದು, ಇನ್ನೊಂದು ನಾಲ್ಕು ಇಂಚಿನದು. ಮೂಲೆ ಸರಿಯಾಗಿ 90 ಡಿಗ್ರಿ ಇರಬೇಕು, ಕಂಪಾಸ್ ಪೆಟ್ಟಿಗೆಯ ತ್ರಿಕೋನ ಪಟ್ಟಿ ಇದಕ್ಕೇ ಇರೋದು. ಆಮೇಲೆ ಎರಡೂ ಕರ್ಣ ಸಮ ಇವೆಯೋ ಅಂತ ಪರೀಕ್ಷೆ ಮಾಡಿ. ದೊಡ್ಡ ಚೌಕದ ಕರ್ಣ ಆರು ಇಂಚಿಗಿಂತ ಸ್ವಲ್ಪ ಹೆಚ್ಚು, ಸಣ್ಣ ಸ್ಕೇಲು ಸಾಲುವುದಿಲ್ಲ. ದಾರ ಹಿಡಿದು ಅಳೆಯಿರಿ.

ದೊಡ್ಡ ರಟ್ಟನ್ನು ಬಟ್ಟೆಯ ಮೇಲಿಟ್ಟು ಸವೆದ ಸೋಪಿನ ಚೂರಿನಿಂದ ಸುತ್ತ ಗೆರೆ ಎಳೆಯಿರಿ. ಅದು ಕತ್ತರಿಸುವ ಗೆರೆ. ಅದರ ನಟ್ಟನಡುವೆ ಸಣ್ಣ ರಟ್ಟು ಇಟ್ಟು ಇನ್ನೊಂದು ಗೆರೆ. ಅದು ಹೊಲಿಯುವ ಗೆರೆ. ಎರಡರ ನಡುವೆ ನಾಲ್ಕೂ ಕಡೆ ಕಾಲು ಇಂಚು ಉಳಿಯುತ್ತದೆ. ರಟ್ಟನ್ನು ಇಡುವಾಗ ಬಟ್ಟೆಯ ಹಾಸು-ಹೊಕ್ಕಿನ ನೂಲು ನೋಡಿ, ರಟ್ಟಿನ ಅಂಚು ನೂಲಿನ ಉದ್ದಕ್ಕೆ ಸರಿಯಾಗಿರಲಿ. ಓರೆಯಾಗಿ ಕತ್ತರಿಸಿದ ತುಂಡು ಎಳೆದರೆ ಹಿಗ್ಗುತ್ತದೆ, ಚೌಕ ಹೋಗಿ ಪತಂಗದ ಆಕಾರ ಆಗುತ್ತದೆ.

ಕಾಲು ಇಂಚಿನಲ್ಲಿ ಏನು ಮಹಾ ಅಂತ ಕೇಳಬಹುದು. ಲೆಕ್ಕ ಹಾಕಿ. ಒಂದು ಸಾಲಿನಲ್ಲಿ ಮೂರು ತುಂಡು, ಎರಡು ಕೂಡು. ಪ್ರತಿ ಕೂಡಿನಲ್ಲೂ ಎರಡು ತುಂಡಿನ ಅಂಚು ಒಳಗೆ ಹೋಗುತ್ತದೆ, ಅಂದರೆ ನಾಲ್ಕು ಅಂಚು. ಒಂದೊಂದು ಅಂಚಿನಲ್ಲಿ ಇಂಚಿನ ಎಂಟನೇ ಒಂದು ಭಾಗ ಹೆಚ್ಚು ಹಿಡಿದರೂ ನಿಮ್ಮ ಚೌಕ ಅರ್ಧ ಇಂಚು ಗಿಡ್ಡ. ಪಕ್ಕದ ಚೌಕದ ಜೊತೆ ಅದು ಕೂಡುವುದೇ ಇಲ್ಲ. ಗಣಿತ ಯಾಕೆ ಬೇಕು ಅಂತ ಕೇಳುವವರು ಒಮ್ಮೆ ಕೌದಿ ಹೊಲಿದು ನೋಡಲಿ!

ಒಂದು ಚೌಕಕ್ಕೆ ಐದು ಗಾಢ ಬಣ್ಣದ ತುಂಡು, ನಾಲ್ಕು ತಿಳಿ ಬಣ್ಣದ ತುಂಡು ಬೇಕು. ನೆಲದ ಮೇಲೆ ಹೀಗೆ ಜೋಡಿಸಿ ('ಗಾ' ಅಂದರೆ ಗಾಢ, 'ತಿ' ಅಂದರೆ ತಿಳಿ):

ಗಾ ತಿ ಗಾ
ತಿ ಗಾ ತಿ
ಗಾ ತಿ ಗಾ

ಮೊದಲು ಒಂದೊಂದೇ ಸಾಲು ಹೊಲಿಯಿರಿ. ಎರಡು ತುಂಡಿನ ಚೆಂದದ ಮಗ್ಗಲು ಎದುರುಬದುರು ಬರುವಂತೆ ಹಿಡಿದು, ಗೆರೆಯ ಮೇಲೆಯೇ ಸೂಜಿ ಮೇಲೆ-ಕೆಳಗೆ ಮಾಡುತ್ತಾ ಹೋಗಿ. ಒಂದು ಇಂಚಿನಲ್ಲಿ ಆರೇಳು ಹೊಲಿಗೆ ಬಂದರೆ ಗಟ್ಟಿ. ದಾರ ಜೋಡಿ ಇರಲಿ, ಮೊಳಕ್ಕಿಂತ ಉದ್ದ ಬೇಡ. ಉದ್ದ ದಾರ ಏರಿಸಿದರೆ ಗಂಟು ಬಿಡಿಸೋದರಲ್ಲೇ ಹೊತ್ತು ಹೋಗುತ್ತದೆ. ಕೊನೆಗೆ ಅದೇ ಜಾಗದಲ್ಲಿ ಎರಡು ಸಲ ಸೂಜಿ ಹಾಯಿಸಿ ಗಂಟು ಹಾಕಿ.

ಹೊಲಿದ ಮೇಲೆ ಹಿಂದಿನ ಅಂಚನ್ನು ಯಾವಾಗಲೂ ಗಾಢ ಬಣ್ಣದ ಕಡೆಗೆ ಮಡಚಿ ಉಗುರಿನಿಂದ ತೀಡಬೇಕು. ಇಸ್ತ್ರಿ ಇದ್ದರೆ ಇನ್ನೂ ಚಲೋ. ತಿಳಿ ಕಡೆಗೆ ಮಡಚಿದರೆ ಗಾಢ ಬಣ್ಣ ಮುಂದಿನಿಂದ ನೆರಳಿನ ಹಾಗೆ ಕಾಣುತ್ತದೆ. ಇನ್ನೊಂದು ಲಾಭವೂ ಇದೆ. ಹೀಗೆ ಮಾಡಿದರೆ ಮೊದಲ ಸಾಲಿನ ಮಡಿಕೆ ಹೊರಗಡೆಗೆ, ಎರಡನೇ ಸಾಲಿನದು ಒಳಗಡೆಗೆ ಬೀಳುತ್ತದೆ. ಸಾಲಿಗೆ ಸಾಲು ಕೂಡಿಸುವಾಗ ಮಡಿಕೆಗಳು ಒಂದಕ್ಕೊಂದು ಎದುರಾಗಿ ಹಲ್ಲಿಗೆ ಹಲ್ಲು ಕೂತಂತೆ ಕೂಡುತ್ತವೆ. ಮೂಲೆಗೆ ಮೂಲೆ ತಾನೇ ಸರಿಯಾಗುತ್ತದೆ. ಮಧ್ಯದ ತುಂಡಿನ ನಾಲ್ಕು ಮೂಲೆ ಚೂಪಾಗಿ ಬಂದರೆ ನಿಮ್ಮ ಕೈ ಕೂತಿದೆ ಅಂತ ಅರ್ಥ.

ಚೌಕ ಮುಗಿದಾಗ ಅಂಚಿನಿಂದ ಅಂಚಿಗೆ ಹನ್ನೆರಡೂವರೆ ಇಂಚು ಇರಬೇಕು. ಕೂಡಿಸಿದ ಮೇಲೆ ಹನ್ನೆರಡು ಇಂಚು, ಅಂದರೆ ಸರಿಯಾಗಿ ಒಂದು ಅಡಿ. ಅಡ್ಡ 3, ಉದ್ದ 4 ಚೌಕ ಕೂಡಿಸಿದರೆ 3 ಅಡಿಗೆ 4 ಅಡಿ. ಚಿಕ್ಕ ಮಗುವಿಗೆ ಧಾರಾಳ ಆಯಿತು. ಒಟ್ಟು 108 ತುಂಡು: 60 ಗಾಢ, 48 ತಿಳಿ.

ಒಳಪದರಕ್ಕೆ ಒಂದು ಹಳೆ ಹತ್ತಿ ಸೀರೆ ಸಾಕು. ಆರು ವಾರದ ಸೀರೆ 18 ಅಡಿ ಉದ್ದ. ನಾಲ್ಕೂವರೆ ಅಡಿಯಂತೆ ಕತ್ತರಿಸಿದರೆ ನಾಲ್ಕು ಪದರ. ಒಂದು ತಳಕ್ಕೆ, ಮೂರು ನಡುವೆ. ನಡುವಿನ ಮೂರನ್ನು ಮೇಲಿನ ಅಳತೆಗೇ ಕತ್ತರಿಸಿ. ತಳದ್ದು ಸುತ್ತ ಎರಡು ಇಂಚು ಹೆಚ್ಚಿರಲಿ, ಅದನ್ನೇ ಮೇಲೆ ಮಡಚಿ ಹೊಲಿದರೆ ಅಂಚು ಆಗುತ್ತದೆ. ಮೊದಲು ನಡುವಿನಿಂದ ಹೊರಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಸುಕ್ಕು ಹೊರಗೆ ಸರಿಯುತ್ತಾ ಹೋಗಲಿ. ಇಲ್ಲಿಂದ ಮುಂದೆ ಸಾಲು ಹೊಲಿಗೆಗೆ ಮನೆಯ ಹಿರಿಯರು ಬೇಕೇ ಬೇಕು. ಐದು ಪದರಕ್ಕೆ ಸೂಜಿ ಹಾಯಿಸೋದು ಮಕ್ಕಳಾಟ ಅಲ್ಲ. ಅಜ್ಜಿಯನ್ನು ಕೇಳಿದರೆ "ಬೆಳ್ಳಗ ಅಡ್ಡ ಇಟ್ಟು ಅಂತರ ನೋಡ್ಕೋ, ಬೇ" ಅಂತ ಒಂದೇ ಮಾತಿನಲ್ಲಿ ಹೇಳಿಬಿಡ್ತಾಳೆ. ಅಜ್ಜಿಯರ ಕಣ್ಣು ಮಂಜಾಗುತ್ತಿದೆ. ಪೇಟೆಯ ರಗ್ಗು ಬಂದ ಮನೆಗಳಲ್ಲಿ ಅವರನ್ನು ಇದರ ಬಗ್ಗೆ ಕೇಳುವವರೇ ಇಲ್ಲ. ಸೂಜಿಗೆ ದಾರ ನೀವು ಪೋಣಿಸಿ ಕೊಡಿ, ಕೈಕೆಲಸ ಅವರು ತೋರಿಸುತ್ತಾರೆ.

ಗಂಡು ಹುಡುಗರಿಗೆ ಒಂದು ಮಾತು. ಇದು ಹುಡುಗಿಯರ ಕೆಲಸ ಅಂತ ಹಿಂದಿನ ಬೆಂಚಿನಲ್ಲಿ ನಗುತ್ತಿದ್ದೀರಂತೆ. ನಿಮ್ಮ ಅಂಗಿ ಹೊಲಿದ ಟೇಲರ್ ಗಂಡಸೋ ಹೆಂಗಸೋ?

ಚೌಕ ಹೊಲಿಯುವವರು ಹೆಸರನ್ನು ಕೆಳಗಿನ ಖಾಲಿ ಹಾಳೆಯಲ್ಲಿ ಬರೆಯಿರಿ. ಅಳತೆಯ ಎರಡೂ ರಟ್ಟುಗಳನ್ನು ಈ ಪತ್ರಿಕೆಯ ಪಕ್ಕದ ಮೊಳೆಗೆ ತೂಗುಹಾಕಿದ್ದೇವೆ. ಮನೆಗೆ ಒಯ್ಯಬೇಡಿ, ಬಟ್ಟೆಯನ್ನೇ ಶಾಲೆಗೆ ತಂದು ಗೆರೆ ಎಳೆದುಕೊಂಡು ಅಲ್ಲೇ ಮತ್ತೆ ತೂಗುಹಾಕಿ. ಎಲ್ಲರಿಗೂ ಅದೊಂದೇ ಜೋಡಿ.