ಯಾವ ಕಾಲು, ಯಾವ ಎಲುಬು

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಮಟ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಸುದ್ದಿ ನಾಡಿಗೆಲ್ಲ ಗೊತ್ತು. ಮೌಢ್ಯವೆಂದು ಬೈಯುವುದು ಸುಲಭ. ಆದರೆ ಆ ಹೆತ್ತವರನ್ನು ಮಣ್ಣಿನವರೆಗೆ ಕರೆತಂದದ್ದು ಮಗು ಎದ್ದು ಓಡಾಡಲಿ ಎಂಬ ಆಸೆ. ಹುಟ್ಟಿನಿಂದ ಬಂದ ತೊಂದರೆಗಳನ್ನೆಲ್ಲ ‘ಅಂಗವಿಕಲ’ ಎಂಬ ಒಂದೇ ಮಾತಿನಲ್ಲಿ ಕಟ್ಟಿದಾಗ, ವಾಸಿಯಾಗುವುದೂ ಆಗದ್ದೂ ಹೆತ್ತವರ ಕಣ್ಣಿಗೆ ಒಂದೇ ಆಗಿಬಿಡುತ್ತದೆ. ಹೆರಿಗೆಯಾದ ದಿನವೇ ದೋಷದ ಸರಿಯಾದ ಹೆಸರು ಕಾಗದದ ಮೇಲೆ ಬರಬೇಕು. ಅದೂ ಚಿಕಿತ್ಸೆಯ ಭಾಗವೇ ಎಂಬುದು ನನ್ನ ವಾದ.

ಸೇಡಂ ತಾಲ್ಲೂಕಿನ ಆಡಕಿಯಲ್ಲೋ ಚಿಂಚೋಳಿಯ ಒಂದು ತಾಂಡಾದಲ್ಲೋ ಪಾದ ಒಳಕ್ಕೆ ತಿರುಚಿದ ಮಗು ಹುಟ್ಟಿತು ಎನ್ನಿ. ಅದು ಬರೀ ಸೊಟ್ಟಪಾದವಾಗಿರಬಹುದು. ಸಾವಿರ ಹೆರಿಗೆಗೆ ಸುಮಾರು ಒಂದರಂತೆ ಕಾಣುವ ದೋಷ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಎಂಬ ರೋಗಗಳ ಪಟ್ಟಿಯಲ್ಲಿ ಅದರ ಸಂಕೇತ ಕ್ಯೂ 66.0. ಆದರೆ ಮೊಣಕಾಲ ಕೆಳಗಿನ ದೊಡ್ಡ ಎಲುಬು ಬೆಳೆಯದೇ ಇದ್ದರೂ ಪಾದ ಹೀಗೆಯೇ ಒಳಕ್ಕೆ ತಿರುಗುತ್ತದೆ. ಅದು ಕ್ಯೂ 72.5. ಹೊರನೋಟಕ್ಕೆ ಎರಡೂ ಒಂದೇ ಥರ, ಮುಂದಿನ ದಾರಿ ಪೂರಾ ಬೇರೆ. ಮೊದಲನೆಯದಕ್ಕೆ ಪೊನ್ಸೆಟಿ ವಿಧಾನವಿದೆ: ಪಾದವನ್ನು ಕೈಯಿಂದ ಮೆಲ್ಲಗೆ ಸರಿಪಡಿಸುತ್ತ ಬೆರಳಿನಿಂದ ತೊಡೆಯವರೆಗೆ ಪ್ಲಾಸ್ಟರ್ ಹಾಕುತ್ತಾರೆ, ವಾರಕ್ಕೊಮ್ಮೆ ಬದಲಿಸುತ್ತಾರೆ. ಸಾಮಾನ್ಯವಾಗಿ ಐದಾರು ಪ್ಲಾಸ್ಟರ್ ಆದಮೇಲೆ ಹಿಮ್ಮಡಿಯ ಸ್ನಾಯುರಜ್ಜುವಿಗೆ ಸಣ್ಣ ಕೊಯ್ತ ಬೇಕಾಗಬಹುದು. ಎರಡನೆಯದಕ್ಕೆ ಎಕ್ಸ್‌ರೇ ಬೇಕು, ಹಲವು ಸಲ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕು. ದಾಖಲೆಯಲ್ಲಿ ‘ಕಾಲು ಸೊಟ್ಟ’ ಎಂದಷ್ಟೇ ಇದ್ದರೆ ಈ ಎರಡು ಮಕ್ಕಳೂ ಒಂದೇ ಸಾಲಿನಲ್ಲಿ ಕಾಯುತ್ತಾರೆ. ಎಳೆಯ ಪಾದ ಮೆತ್ತಗಿರುವ ಮೊದಲ ವಾರಗಳು ಮಾತ್ರ ಕಾಯುವುದಿಲ್ಲ. ಇನ್ನೊಂದು ಮಾತು: ಕ್ಯೂ 66.0 ಎಂದು ಬರೆದರೆ ಎಡಗಾಲೋ ಬಲಗಾಲೋ ತಿಳಿಯದು. ಅದನ್ನು ಅಕ್ಷರದಲ್ಲೇ ಬರೆಯಬೇಕು.

ಹೆರಿಗೆ ಕೋಣೆಯ ನರ್ಸಮ್ಮನಿಗೆ ಈಗಲೇ ರಿಜಿಸ್ಟರುಗಳ ಹೊರೆ, ಇನ್ನೊಂದೇಕೆ ಎಂದು ಕೇಳಬಹುದು. ನ್ಯಾಯವಾದ ಮಾತು. ಆದರೆ ಹೊಸ ರಿಜಿಸ್ಟರ್ ಯಾರೂ ಕೇಳುತ್ತಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣಾ ಪಟ್ಟಿಯಲ್ಲಿ ಸೊಟ್ಟಪಾದವೂ ಸೊಂಟದ ಕೀಲಿನ ದೋಷವೂ ಇವೆ. ಸಂಕೇತ ಹಾಕುವುದು ವೈದ್ಯರ ಕೆಲಸ. ಹೆರಿಗೆ ಕೋಣೆಯಲ್ಲಿ ಕಂಡದ್ದನ್ನು ಕಂಡಂತೆ ಬರೆದರೆ ಸಾಕು. ಮಗುವಿಗೆ ಹಣೆಪಟ್ಟಿ ಅಂಟಿಸಿದಂತಲ್ಲವೇ ಎಂಬ ಆತಂಕ ಇನ್ನೂ ಗಂಭೀರವಾದದ್ದು. ಆದರೆ ಊರಿನ ಬಾಯಲ್ಲಿ ‘ಕುಂಟ’ ಎಂಬ ಹೆಸರು ಹುಟ್ಟಲು ಯಾವ ಸಂಕೇತವೂ ಬೇಕಾಗಿಲ್ಲ. ಕಡತದಲ್ಲಿ ಗೌಪ್ಯವಾಗಿ ಉಳಿಯುವ ಕ್ಯೂ 66.0 ಆ ಅಡ್ಡಹೆಸರನ್ನು ತಪ್ಪಿಸುವ ಚಿಕಿತ್ಸೆಗೆ ಮಗುವನ್ನು ಮುಟ್ಟಿಸಬಲ್ಲದು.

ಈ ಸೀಮೆಗೆ ದಾಖಲೆ ಹೆಚ್ಚು ಬೇಕಾಗುವುದಕ್ಕೆ ದುಡಿಮೆಯೂ ಕಾರಣ. ಶಹಾಬಾದಿನ ಕಲ್ಲುಗಣಿ, ವಾಡಿಯ ಸಿಮೆಂಟ್ ಇದ್ದರೂ ಹೈದರಾಬಾದು, ಪುಣೆ, ಮುಂಬೈಗೆ ಗುಳೆ ಹೋಗುವ ಕುಟುಂಬಗಳಿವೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಸರಳಿಗೆ ಜೋಡಿಸಿದ ಬೂಟನ್ನು ಮೂರು ತಿಂಗಳು ದಿನಕ್ಕೆ 23 ತಾಸು, ಆಮೇಲೆ ನಾಲ್ಕೈದು ವರ್ಷ ತುಂಬುವವರೆಗೆ ಮಲಗುವಾಗ ಹಾಕಬೇಕು. ಬಿಟ್ಟರೆ ಪಾದ ಮತ್ತೆ ತಿರುಚುತ್ತದೆ. ಅಷ್ಟು ವರ್ಷ ಒಂದೇ ಆಸ್ಪತ್ರೆಗೆ ಬರುವುದು ಅವರಿಂದಾಗದು. ತಾಯಿ ಕಾರ್ಡಿನ ಪುಟದಲ್ಲಿ ‘ಎಡಗಾಲು, ಎಕ್ಸ್‌ರೇಯಲ್ಲಿ ಎಲುಬು ಸರಿಯಿದೆ, ಕ್ಯೂ 66.0, ನಾಲ್ಕನೇ ಪ್ಲಾಸ್ಟರ್ ಆಯಿತು’ ಎಂಬ ಸಾಲು, ಕೆಳಗೆ ತಾರೀಖು ಇದ್ದರೆ ಪುಣೆಯ ವೈದ್ಯರು ಐದನೆಯದನ್ನು ಹಾಕಬಹುದು.